ಮಗಳ ಸುಪರ್ದಿ ವಿಚಾರಣೆ ಮುಂದಿನ ತಿಂಗಳು, ಸುರಕ್ಷತೆಯ ವಿಷಯವನ್ನು ಜಡ್ಜ್ ಮುಂದೆ ಹೇಗೆ ಇಡಬೇಕು?

ತುಂಗಾತೀರ
ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದವಳು. ಮಗಳಿಗೆ ಆರು ತುಂಬಿದೆ, ಒಂದನೇ ಕ್ಲಾಸ್. ಹೋದ ವರ್ಷದ ಬೇಸಿಗೆಯಿಂದ ನಾವಿಬ್ಬರೂ ನನ್ನ ತವರಿನಲ್ಲಿದ್ದೇವೆ, ಅವಳ ಶಾಲೆಯೂ ಇಲ್ಲೇ. ಗಂಡ ಬೆಂಗಳೂರಿನಲ್ಲಿ. ಅವರು ಇಲ್ಲಿನ ಫ್ಯಾಮಿಲಿ ಕೋರ್ಟಿನಲ್ಲಿ ಮಗಳ ಸುಪರ್ದಿ ಕೇಳಿ ಅರ್ಜಿ ಹಾಕಿದ್ದಾರೆ. ಜೊತೆಗೆ ಈ ಸಲದ ಬೇಸಿಗೆ ರಜೆ ಪೂರ್ತಿ ಮಗು ತಮ್ಮ ಹತ್ತಿರ ಇರಲಿ ಅಂತ ಒಂದು ಮಧ್ಯಂತರ ಅರ್ಜಿ ಕೂಡ. ಅದರ ವಿಚಾರಣೆ ಮುಂದಿನ ತಿಂಗಳು.

ಅವರು ಕುಡಿದು ಕಾರು ಓಡಿಸುತ್ತಾರೆ, ಮಗಳನ್ನು ಕೂರಿಸಿಕೊಂಡೇ ಓಡಿಸಿದ್ದಾರೆ. ಒಂದು ರಾತ್ರಿ ಮಗು ಮಲಗಿದೆ ಅಂತ ಮನೆಗೆ ಬೀಗ ಹಾಕಿ ಹೊರಗೆ ಹೋಗಿದ್ದರು. ನಾನು ನೈಟ್ ಶಿಫ್ಟ್‌ನಲ್ಲಿದ್ದೆ, ಪಕ್ಕದ ಮನೆಯವರು ಅಳು ಕೇಳಿ ಫೋನ್ ಮಾಡಿದರು. ಇದೆಲ್ಲ ಸುಳ್ಳು, ನಾನೇ ಮಗುವಿನ ತಲೆ ಕೆಡಿಸುತ್ತಿದ್ದೇನೆ ಅಂತ ಅವರ ಅರ್ಜಿಯಲ್ಲಿದೆ. ನನ್ನ ವಕೀಲರು ಬಿಜಿ, "ತಕರಾರು ಹಾಕೋಣ ಬಿಡಿ" ಅನ್ನುವುದು ಬಿಟ್ಟು ಜಾಸ್ತಿ ಮಾತಿಲ್ಲ. ನಾನು ಏನು ತಯಾರಿ ಮಾಡಿಕೊಳ್ಳಲಿ? ಅಪ್ಪನನ್ನು ನೋಡಲೇಬಾರದು ಅಂತ ನನಗಿಲ್ಲ. ಅವಳಿಗೆ ಅಪ್ಪ ಅಂದರೆ ಇಷ್ಟ. ಸುರಕ್ಷಿತವಾಗಿ ಹೋಗಿ ಬರಬೇಕು ಅಷ್ಟೇ.

ಹುಬ್ಬಳ್ಳಿ_ವಕೀಲ
ಮೇಡಂ, ನೀವು ಕೊನೆಗೆ ಬರೆದ ಮಾತಿದೆಯಲ್ಲ, ಅವಳಿಗೆ ಅಪ್ಪ ಅಂದರೆ ಇಷ್ಟ, ಸುರಕ್ಷಿತವಾಗಿ ಹೋಗಿ ಬರಬೇಕು ಅಂತ, ಅದು ನಿಮ್ಮ ತಕರಾರಿನ ಮೊದಲ ಪುಟದಲ್ಲಿರಲಿ. ನನ್ನ ಕೈಗೆ ಬರುವ ಎಷ್ಟೋ ತಕರಾರುಗಳಲ್ಲಿ ಗಂಡನ ಮೇಲಿನ ಸಿಟ್ಟೇ ಪುಟಗಟ್ಟಲೆ ಇರುತ್ತದೆ, ಮಗುವಿನ ಮಾತು ಅರ್ಧ ಪುಟ. ಜಡ್ಜ್ ಹುಡುಕುವುದು ಆ ಅರ್ಧ ಪುಟವನ್ನೇ.

ಕಾನೂನು ಚಿಕ್ಕದಾಗಿ ಹೇಳಿಬಿಡುತ್ತೇನೆ. ನೀವು ಹಿಂದೂಗಳಾಗಿದ್ದರೆ 1956ರ ಹಿಂದೂ ಅಪ್ರಾಪ್ತರ ಪೋಷಕತ್ವ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಮಗುವಿನ ಹಿತ ಎಲ್ಲಕ್ಕಿಂತ ಮೊದಲು. ಅಪ್ಪನ ಹಕ್ಕು, ಅಮ್ಮನ ಹಕ್ಕು ಆಮೇಲೆ. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು ಅಂತ 6ನೇ ಸೆಕ್ಷನ್ ಹೇಳುತ್ತದೆ. ನಿಮ್ಮ ಮಗಳಿಗೆ ಆರು ತುಂಬಿದೆ, ಹಾಗಾಗಿ "ನಾನು ತಾಯಿ" ಅನ್ನುವ ಒಂದೇ ಮಾತಿನ ಮೇಲೆ ನಿಲ್ಲಬೇಡಿ. ರಜೆಯ ಅರ್ಜಿ ಬಹುಶಃ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯ 12ನೇ ಸೆಕ್ಷನ್ ಅಡಿ ಹಾಕಿರುತ್ತಾರೆ. ಮಧ್ಯಂತರ ಹಂತದಲ್ಲಿ ಪೂರ್ತಿ ಸಾಕ್ಷಿ, ಪಾಟೀಸವಾಲು ಸಾಮಾನ್ಯವಾಗಿ ನಡೆಯುವುದಿಲ್ಲ. ಅಫಿಡವಿಟ್ಟು, ದಾಖಲೆ, ವಕೀಲರ ವಾದ, ಅಷ್ಟರ ಮೇಲೆ ಆದೇಶ. ಆಮೇಲೆ ಬಾಯಲ್ಲಿ ಹೇಳಿದರಾಯಿತು ಅಂತ ಏನನ್ನೂ ಉಳಿಸಿಕೊಳ್ಳಬೇಡಿ, ಹೇಳುವ ಅವಕಾಶವೇ ಸಿಗದೇ ಹೋಗಬಹುದು.

ಈಗ ಕೆಲಸಕ್ಕೆ ಬನ್ನಿ. ಒಂದು ನೋಟ್‌ಬುಕ್ ತೆಗೆದುಕೊಂಡು ಪ್ರತಿ ಘಟನೆಗೂ ತಾರೀಕು, ಜಾಗ, ಯಾರಿದ್ದರು, ಮಗುವಿಗೆ ಏನಾಯಿತು, ನೀವು ಆಮೇಲೆ ಏನು ಮಾಡಿದಿರಿ ಅಂತ ಬರೆಯಿರಿ. ತಾರೀಕು ನೆನಪಿಲ್ಲದಿದ್ದರೆ ಊಹಿಸಬೇಡಿ, "ಯುಗಾದಿ ಆದ ಮರುವಾರ" ಅಂತ ನೆನಪಿದ್ದಷ್ಟೇ ಬರೆಯಿರಿ. ನೀವು ಕಣ್ಣಾರೆ ಕಂಡದ್ದು, ಮಗಳು ಹೇಳಿದ್ದು, ಬೇರೆಯವರು ಹೇಳಿದ್ದು, ಈ ಮೂರನ್ನು ಒಂದರೊಳಗೊಂದು ಕಲಸಬೇಡಿ. ಬೀಗ ಹಾಕಿದ ರಾತ್ರಿ ನೀವು ಅಲ್ಲಿರಲಿಲ್ಲ, ಅಲ್ವಾ? "ಅವರು ಬೀಗ ಹಾಕಿ ಹೋದರು" ಅಂತ ನೀವು ಪ್ರಮಾಣ ಮಾಡಿದರೆ ಎದುರು ವಕೀಲರು ಅಲ್ಲೇ ಹಿಡಿಯುತ್ತಾರೆ. "ಇಷ್ಟು ಗಂಟೆಗೆ ಪಕ್ಕದ ಮನೆಯವರ ಫೋನ್ ಬಂತು, ಅವರು ಹೀಗೆ ಹೇಳಿದರು, ನಾನು ಮನೆಗೆ ಬಂದಾಗ ಬಾಗಿಲು ಹೀಗಿತ್ತು, ಮಗು ಹೀಗಿತ್ತು" ಅಂತ ಬರೆದರೆ ಯಾರೂ ಅಲ್ಲಾಡಿಸಲಾರರು. ಪಕ್ಕದ ಮನೆಯವರು ಒಪ್ಪಿದರೆ ಅವರದೇ ಒಂದು ಅಫಿಡವಿಟ್ಟು ಹಾಕಿಸಿ.

ಆಮೇಲೆ ಪ್ರತಿ ಭಯದ ಎದುರಿಗೆ ಒಂದೊಂದು ಷರತ್ತು ಬರೆಯಿರಿ. ಕುಡಿದು ಕಾರು ಓಡಿಸುತ್ತಾರೆ ಅಂದರೆ ಮಗು ಇರುವಾಗ ಅವರು ಕಾರು ಓಡಿಸಬಾರದು, ಭೇಟಿ ಶಿವಮೊಗ್ಗದಲ್ಲೇ ಆಗಲಿ. ಒಬ್ಬಳನ್ನೇ ಬಿಟ್ಟು ಹೋಗುತ್ತಾರೆ ಅಂದರೆ ಸದ್ಯಕ್ಕೆ ರಾತ್ರಿ ವಾಸ ಬೇಡ, ಹಗಲು ಭೇಟಿ, ಜೊತೆಗೆ ಇಬ್ಬರೂ ಒಪ್ಪುವ ಒಬ್ಬ ಹಿರಿಯರು. "ಕೊಡಬಾರದು" ಅಂತ ಮಾತ್ರ ಕೇಳಿದರೆ ಜಡ್ಜ್ ತಾವೇ ಒಂದು ವ್ಯವಸ್ಥೆ ಮಾಡಬೇಕಾಗುತ್ತದೆ, ಅದು ನಿಮ್ಮ ಮಗಳ ದಿನಚರಿಗೆ ಹೊಂದದೇ ಇರಬಹುದು.

ಗುಡುಗು_ಮಳೆ
ಅಕ್ಕಾ ಇಷ್ಟೆಲ್ಲ ನೋಟ್‌ಬುಕ್ ಯಾಕೆ. ನಮ್ಮ ಏರಿಯಾದಲ್ಲಿ ಒಬ್ಬರು ಪೋಕ್ಸೋ ಕೇಸ್ ಕೊಟ್ಟರು, ಗಂಡ ಆವತ್ತಿನಿಂದ ಮಗು ಕಡೆ ತಲೆ ಹಾಕಿಲ್ಲ. ವಕೀಲರನ್ನು ಕೇಳಿ, ಅವರೇ ಬರೆದುಕೊಡುತ್ತಾರೆ.

ಹುಬ್ಬಳ್ಳಿ_ವಕೀಲ
ದಯವಿಟ್ಟು ಇಂಥ ಸಲಹೆ ಯಾರಿಗೂ ಕೊಡಬೇಡಿ. ಮಗುವಿಗೆ ನಿಜವಾಗಿ ಲೈಂಗಿಕ ಕಿರುಕುಳ ಆಗಿದ್ದರೆ, ಆಗಿದೆ ಅಂತ ಅನುಮಾನ ಇದ್ದರೂ, ಕಸ್ಟಡಿ ಕೇಸಿಗೆ ಕಾಯದೆ ಅವತ್ತೇ ಹೇಳಲೇಬೇಕು. 2012ರ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಗೊತ್ತಿರುವ ಯಾರೇ ಆಗಲಿ ಪೊಲೀಸರಿಗೆ ತಿಳಿಸಬೇಕು. 1098ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು. ಆದರೆ ಏನೂ ಆಗದೇ ಇದ್ದಾಗ ಕೇಸ್ ಗೆಲ್ಲಲು ಹಾಕಿದರೆ ಅದೇ ಕಾಯ್ದೆಯ 22ನೇ ಸೆಕ್ಷನ್‌ನಲ್ಲಿ ಶಿಕ್ಷೆ ಇದೆ. ಅದಕ್ಕಿಂತ ನನಗೆ ಸಂಕಟ ಆಗುವುದು ಮಗುವಿನ ಬಗ್ಗೆ. ಆರು ವರ್ಷದ ಹುಡುಗಿ ಹೇಳಿಕೆ ಕೊಡಬೇಕು, ಡಾಕ್ಟರ್ ಪರೀಕ್ಷೆಗೆ ಹೋಗಬೇಕು, ಆಗದೇ ಇದ್ದದ್ದನ್ನು ಆಯಿತು ಅಂತ ಹೇಳಬೇಕು. ಅಪ್ಪನನ್ನು ದೂರ ಇಡಲು ಮಗುವನ್ನು ಆ ದಾರಿಗೆ ನೂಕುವುದು ಮಗುವಿಗೆ ಮಾಡುವ ಹಿಂಸೆಯೇ.

ತುಂಗಾತೀರ
ಇಲ್ಲ ಸರ್, ಅಂಥದ್ದೇನೂ ಆಗಿಲ್ಲ, ನಾನು ಹಾಗೆ ಹೇಳುವುದೂ ಇಲ್ಲ. ಒಂದು ಪ್ರಶ್ನೆ. ಅವರು ಕುಡಿದು ಕಳಿಸಿದ ವಾಟ್ಸಾಪ್ ವಾಯ್ಸ್ ಮೆಸೇಜುಗಳಿವೆ. "ಹೌದು ಓಡಿಸಿದೆ, ಏನೀಗ" ಅಂತ ಒಂದರಲ್ಲಿದೆ. ಒಂದು ಫೋನ್ ಕಾಲ್ ರೆಕಾರ್ಡ್ ಕೂಡ ಇದೆ, ಅವರಿಗೆ ಹೇಳದೆ ಮಾಡಿದ್ದು. ಇವನ್ನು ಕೊಡಬಹುದಾ?

ಹುಬ್ಬಳ್ಳಿ_ವಕೀಲ
ಕೊಡಬಹುದು. ಫ್ಯಾಮಿಲಿ ಕೋರ್ಟಿಗೆ ಸಾಕ್ಷ್ಯ ಕಾನೂನಿನ ಕಟ್ಟುನಿಟ್ಟು ಸ್ವಲ್ಪ ಸಡಿಲ. 1984ರ ಫ್ಯಾಮಿಲಿ ಕೋರ್ಟ್ಸ್ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ ವಿವಾದ ಬಗೆಹರಿಸಲು ನೆರವಾಗುವ ಯಾವ ದಾಖಲೆಯನ್ನಾದರೂ ಕೋರ್ಟ್ ನೋಡಬಹುದು. ಗಂಡ ಹೆಂಡತಿ ಗುಟ್ಟಾಗಿ ಮಾಡಿಕೊಂಡ ಕಾಲ್ ರೆಕಾರ್ಡನ್ನೂ ವೈವಾಹಿಕ ಕೇಸಿನಲ್ಲಿ ಸಾಕ್ಷಿಯಾಗಿ ತೆಗೆದುಕೊಳ್ಳಬಹುದು ಅಂತ ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ವಿಭೋರ್ ಗರ್ಗ್ ಕೇಸಿನಲ್ಲಿ ಹೇಳಿದೆ. ಅದು ವಿಚ್ಛೇದನದ ಕೇಸು, ಆದರೂ ನಿಮ್ಮ ವಕೀಲರು ತೋರಿಸಬಹುದು.

ಆದರೆ ಆ ಫೋನ್ ಮಾರಬೇಡಿ, ರೀಸೆಟ್ ಮಾಡಬೇಡಿ, ಚಾಟ್ ಅಳಿಸಬೇಡಿ. ತುಂಡು ಕತ್ತರಿಸಿ ಕೊಡಬೇಡಿ, ಮೊದಲಿಂದ ಕೊನೆಯವರೆಗೆ ಕೊಡಿ, ನೀವು ಆಡಿದ ಮಾತು ಅದರಲ್ಲಿದ್ದರೂ ಸರಿ. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಯಲ್ಲಿದೆ, ಅದರ 63ನೇ ಸೆಕ್ಷನ್ ಪ್ರಕಾರ ಒಂದು ಸರ್ಟಿಫಿಕೇಟ್ ಬೇಕು. ಅದರಲ್ಲಿ ಎರಡು ಭಾಗ. ಒಂದು ನಿಮ್ಮದು, ಇನ್ನೊಂದು ಪರಿಣತರದು. ಫೈಲಿನ ಹ್ಯಾಶ್ ಸಂಖ್ಯೆಯನ್ನೂ (ಫೈಲ್ ತಿದ್ದಿಲ್ಲ ಅಂತ ತೋರಿಸುವ, ಕಂಪ್ಯೂಟರ್ ಲೆಕ್ಕ ಹಾಕುವ ಗುರುತು) ಬರೆಯಬೇಕು. ಇದಕ್ಕೆ ಸಮಯ ಹಿಡಿಯುತ್ತದೆ, ಇವತ್ತೇ ವಕೀಲರಿಗೆ ಹೇಳಿ. ವಾಯ್ಸ್ ಮೆಸೇಜಿನ ಮಾತುಗಳನ್ನು ಅಕ್ಷರಕ್ಕೆ ಇಳಿಸಿ ತಾರೀಕಿನ ಜೊತೆ ಲಗತ್ತಿಸಿ. ಅಷ್ಟೊಂದು ಆಡಿಯೋ ಕೇಳಲು ಕೋರ್ಟಿಗೆ ಪುರುಸೊತ್ತಿರುವುದಿಲ್ಲ.

ಅವರ ಮೇಲೆ ಟ್ರಾಫಿಕ್ ಪೊಲೀಸರ ಡ್ರಂಕ್ ಅಂಡ್ ಡ್ರೈವ್ ಕೇಸು ಯಾವಾಗಲಾದರೂ ಬಿದ್ದಿದೆಯಾ? 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ. ದಾಟಿದರೆ ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಅಡಿ ಕೇಸ್ ಆಗುತ್ತದೆ. ದಂಡ ಕಟ್ಟಿದ್ದರೆ ಆ ಕೋರ್ಟಿನಿಂದ ಸರ್ಟಿಫೈಡ್ ಕಾಪಿ ತೆಗೆಸಿ. ನಿಮ್ಮ ಹತ್ತು ಮಾತಿಗಿಂತ ಅದೊಂದು ಹಾಳೆ ಗಟ್ಟಿ.

ಹಾಸನದ_ಅಪ್ಪ
ನಾನು ಇನ್ನೊಂದು ಕಡೆಯವನು. ಮಗನಿಗೆ ಹೊಡೆಯುತ್ತೇನೆ ಅಂತ ನನ್ನ ಮೇಲೆ ಆರೋಪ ಇತ್ತು. ನಾನು ಹೊಡೆದಿರಲಿಲ್ಲ. ಅದನ್ನು ಇಲ್ಲಿ ನಂಬಿ ಅಂತ ಕೇಳುವುದಿಲ್ಲ, ನಿಮಗೆ ಗೊತ್ತಾಗುವ ದಾರಿಯೂ ಇಲ್ಲ. ಕೋರ್ಟಿಗೂ ಮೊದಲ ದಿನ ಗೊತ್ತಾಗುವುದಿಲ್ಲ. ಇಲ್ಲಿ ಓದುವ ಅಪ್ಪಂದಿರಿಗೂ ಇದು ಬೇಕು ಅಂತ ಬರೆಯುತ್ತಿದ್ದೇನೆ.

ಆರೋಪ ಕೇಳಿದಾಗ ಮೈಯೆಲ್ಲ ಉರಿಯುತ್ತದೆ. ಆದರೆ ಆ ಉರಿಯಲ್ಲಿ ಬರೆದ ಉತ್ತರ ಕೆಲಸಕ್ಕೆ ಬರುವುದಿಲ್ಲ. "ಆರೋಪ ಒಪ್ಪುವುದಿಲ್ಲ, ಆದರೆ ಕೋರ್ಟ್ ಹಾಕುವ ಷರತ್ತಿಗೆ ಒಪ್ಪುತ್ತೇನೆ" ಅಂತ ಮೆಮೊ ಕೊಟ್ಟೆ. ಭೇಟಿ ಕೋರ್ಟಿನ ಮಕ್ಕಳ ಕೋಣೆಯಲ್ಲಿ ಅಂತಾಯಿತು. ಅಲ್ಲಿ ಬೇರೆ ಅಪ್ಪ ಅಮ್ಮಂದಿರೂ ಇರುತ್ತಾರೆ, ಗದ್ದಲ. ಒಂದು ಶನಿವಾರವನ್ನೂ ತಪ್ಪಿಸಲಿಲ್ಲ. ಚೆಸ್ ಬೋರ್ಡ್ ತೆಗೆದುಕೊಂಡು ಹೋಗುತ್ತಿದ್ದೆ. ಅವನ ಅಮ್ಮನ ಬಗ್ಗೆ ಅವನ ಹತ್ತಿರ ಒಂದು ಮಾತೂ ಕೇಳಲಿಲ್ಲ. ಬರಬರುತ್ತಾ ಅಲ್ಲಿನ ಕೌನ್ಸೆಲರ್ ಬರೆದ ವರದಿಯೇ ನನಗೆ ಪಾರ್ಕಿನ ಭೇಟಿಗೆ, ಆಮೇಲೆ ಮನೆಗೆ ಕರೆದುಕೊಂಡು ಹೋಗುವುದಕ್ಕೆ ದಾರಿ ಮಾಡಿತು.

ತುಂಗಾತೀರ ಅವರೇ, ನಿಮಗೊಂದು ಪ್ರಶ್ನೆ, ಬೇಜಾರು ಮಾಡಿಕೊಳ್ಳಬೇಡಿ. ನೀವು ತವರಿಗೆ ಬಂದ ಮೇಲೆ ಮಗು ಅಪ್ಪನ ಜೊತೆ ಮಾತಾಡಿದೆಯಾ? ಎದುರು ವಕೀಲರು ಮೊದಲು ಕೇಳುವುದು ಅದನ್ನೇ.

ತುಂಗಾತೀರ
ಬೇಜಾರಿಲ್ಲ ಅಣ್ಣ. ಭಾನುವಾರ ಬೆಳಿಗ್ಗೆ ವಿಡಿಯೋ ಕಾಲ್ ಮಾಡಿಸುತ್ತೇನೆ. ಹುಟ್ಟುಹಬ್ಬಕ್ಕೆ ಅವರು ಇಲ್ಲಿಗೇ ಬಂದು ಹೋದರು, ನಮ್ಮ ತಂದೆ ಜೊತೆಗಿದ್ದರು. ಕೆಲವು ಭಾನುವಾರ ಅವರು ಫೋನ್ ಎತ್ತಿಲ್ಲ.

ಹುಬ್ಬಳ್ಳಿ_ವಕೀಲ
ಬಹಳ ಒಳ್ಳೆಯದು. ಕಾಲ್ ಪಟ್ಟಿಯ ಸ್ಕ್ರೀನ್‌ಶಾಟ್ ತೆಗೆದಿಡಿ, ಎತ್ತದ ಭಾನುವಾರಗಳನ್ನೂ ಸೇರಿಸಿ. ಮಗು ಜೊತೆಯಲ್ಲಿಲ್ಲದ ತಂದೆಗೋ ತಾಯಿಗೋ ದಿನಾ 5ರಿಂದ 10 ನಿಮಿಷ ಮಗುವಿನ ಜೊತೆ ಮಾತಾಡುವ ಹಕ್ಕಿರಬೇಕು ಅಂತ 2020ರ ಯಶಿತಾ ಸಾಹು ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅವರು ಕೇಳುವ ಮೊದಲೇ ನೀವೇ ಅಫಿಡವಿಟ್ಟಿನಲ್ಲಿ ದಿನಾ ಸಂಜೆ ಕಾಲ್ ಮಾಡಿಸುತ್ತೇನೆ ಅಂತ ಹೇಳಿ. ತಲೆ ಕೆಡಿಸುತ್ತಿದ್ದೇನೆ ಅನ್ನುವ ಆರೋಪಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಇಲ್ಲ.

ಸೀಗೆಹುಣ್ಣಿಮೆ
ನಾನು ಸ್ವಲ್ಪ ಬೇರೆ ಮಾತು ಹೇಳಬೇಕು. ಹಾಸನದ ಅಣ್ಣ ಹೇಳಿದ ಮಕ್ಕಳ ಕೋಣೆ ಎಲ್ಲರಿಗೂ ಸಾಕಾಗುವುದಿಲ್ಲ. ಕೋಣೆಯೊಳಗೆ ಎಲ್ಲ ಸರಿ ಇರುತ್ತದೆ. ಕೋರ್ಟ್ ಗೇಟಿನಿಂದ ಬಸ್‌ಸ್ಟ್ಯಾಂಡಿನವರೆಗೆ ಹಿಂದೆಯೇ ಬಂದು ಬೆದರಿಸಿದರೆ? ಮಗುವಿನ ಕೈ ಹಿಡಿದು ಓಡಿದವಳು ನಾನು. ಹೊಡೆತ ಬಡಿತ ಇದ್ದ ಮನೆಯಿಂದ ಬಂದವರು ಮಗುವನ್ನು ಒಪ್ಪಿಸುವ ಹೊತ್ತು, ಜಾಗ, ಜೊತೆಗೆ ಯಾರು, ಇವನ್ನು ಕೂಡ ಆದೇಶದಲ್ಲೇ ಬರೆಸಿಕೊಳ್ಳಬೇಕು. ತಂದೆ ತಾಯಿ ಎದುರುಬದುರು ಬರದ ಹಾಗೆ ಅಜ್ಜನೋ ಸೋದರಮಾವನೋ ಕರೆತಂದು ಬಿಡಬಹುದು. ಒಬ್ಬರು ಹೊರಟ ಸ್ವಲ್ಪ ಹೊತ್ತಾದ ಮೇಲೆ ಇನ್ನೊಬ್ಬರು ಹೊರಡಲಿ ಅಂತಲೂ ಕೇಳಬಹುದು.

ಹೆಂಡತಿಯ ಮೇಲೆ ಕೈ ಮಾಡಿದ್ದು ಬೇರೆ, ಮಗುವಿನ ವಿಷಯ ಬೇರೆ ಅಂತ ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಅಡುಗೆಮನೆಯಲ್ಲಿ ಅಮ್ಮನಿಗೆ ಬೀಳುವ ಏಟನ್ನು ಬಾಗಿಲ ಸಂದಿಯಿಂದ ನೋಡಿದ ಮಗುವಿಗೆ ಅದು ತನ್ನ ವಿಷಯವೇ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯ 21ನೇ ಸೆಕ್ಷನ್‌ನಲ್ಲಿ ಮ್ಯಾಜಿಸ್ಟ್ರೇಟ್ ಮಗುವನ್ನು ತಾತ್ಕಾಲಿಕವಾಗಿ ತಾಯಿಗೆ ಒಪ್ಪಿಸಬಹುದು, ಭೇಟಿಯಿಂದ ಮಗುವಿಗೆ ಹಾನಿ ಅನ್ನಿಸಿದರೆ ಭೇಟಿಯನ್ನೇ ನಿರಾಕರಿಸಬೇಕು. ನಮ್ಮ ರಾಜ್ಯದಲ್ಲಿ ಸಿಡಿಪಿಓ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಯವರೇ ಸಂರಕ್ಷಣಾಧಿಕಾರಿ, ಅವರ ಹತ್ತಿರ ಹೋಗಿ ಕೌಟುಂಬಿಕ ಘಟನಾ ವರದಿ ಬರೆಸಬಹುದು. ತುರ್ತಿದ್ದರೆ 112, ಸಹಾಯಕ್ಕೆ 181. ತುಂಗಾತೀರ, ನಿಮ್ಮ ಮೇಲೆ ಹಿಂಸೆ ಆಗಿದ್ದರೆ ಅದನ್ನೂ ಮುಚ್ಚಿಡಬೇಡಿ.

ಹಾಸನದ_ಅಪ್ಪ
ಒಪ್ಪುತ್ತೇನೆ ತಂಗಿ. ಗೇಟಿನ ಹೊರಗಿನ ವಿಷಯ ನನಗೆ ಹೊಳೆದಿರಲಿಲ್ಲ. ಷರತ್ತು ಹಾಕುವುದರಿಂದ ಒಳ್ಳೆಯ ಅಪ್ಪನಿಗೆ ನಷ್ಟ ಏನಿಲ್ಲ.

ಬಳಪ
ನಾನು ಮಕ್ಕಳ ಆಪ್ತಸಮಾಲೋಚಕಿ. ಮಗುವಿನ ಕಡೆಯಿಂದ ಕೆಲವು ಮಾತು.

ಮಗಳನ್ನು ಕೂರಿಸಿಕೊಂಡು ವಿಚಾರಣೆ ಮಾಡಬೇಡಿ. "ಅಪ್ಪ ಕುಡಿದಿದ್ದರಾ? ನಿನಗೆ ಭಯ ಆಯ್ತು ಅಲ್ವಾ?" ಅಂತ ಕೇಳಿದರೆ ಆರು ವರ್ಷದ ಮಗು ಅಮ್ಮನ ಮುಖ ನೋಡಿ ಹೌದು ಅನ್ನುತ್ತದೆ. ಅವಳಾಗಿ ಏನಾದರೂ ಹೇಳಿದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಕೇಳಿ. "ಆಮೇಲೆ?" ಅನ್ನುವುದು ಸಾಕು. ಅವಳು ಮಲಗಿದ ಮೇಲೆ, ಅವಳ ಮಾತನ್ನು ಅವಳ ಭಾಷೆಯಲ್ಲೇ ಬರೆದಿಡಿ. "ಅಪ್ಪನ ಕಾರು ಡಾನ್ಸ್ ಮಾಡ್ತು" ಅಂತ ಅಂದಿದ್ದರೆ ಹಾಗೇ ಬರೆಯಿರಿ, "ನಿರ್ಲಕ್ಷ್ಯದಿಂದ ವಾಹನ ಚಲಾಯಿಸಿದರು" ಅಂತ ತಿದ್ದಬೇಡಿ. ನೀವು ಏನು ಕೇಳಿದ್ದಿರಿ ಅನ್ನುವುದನ್ನೂ ಬರೆಯಿರಿ. ಅಳುವಾಗ ಫೋನ್ ಹಿಡಿದು ವಿಡಿಯೋ ಮಾಡುವುದು ಖಂಡಿತ ಬೇಡ.

ಜಡ್ಜ್ ಮಗುವನ್ನು ಚೇಂಬರಿಗೆ ಕರೆದು ಮಾತಾಡಿಸಬಹುದು. ಸಾಮಾನ್ಯವಾಗಿ ಶಾಲೆ, ಗೆಳತಿಯರು, ಊಟ, ಯಾರು ಸ್ನಾನ ಮಾಡಿಸುತ್ತಾರೆ, ಇಂಥ ಮಾತಿನಿಂದ ಶುರು ಮಾಡುತ್ತಾರೆ. ಪಾಠ ಒಪ್ಪಿಸುವ ಮಗು ಎರಡು ನಿಮಿಷದಲ್ಲಿ ಗೊತ್ತಾಗಿಬಿಡುತ್ತದೆ. ದೊಡ್ಡವರ ಪದಗಳು ಅವಳ ಬಾಯಲ್ಲಿ ಬರುತ್ತವೆ, ಅದೇ ವಾಕ್ಯ ಎರಡು ಸಲ ಬರುತ್ತದೆ. ಆಗ ನಿಜವಾಗಿ ನಡೆದದ್ದರ ಮೇಲೂ ಅನುಮಾನ ಹುಟ್ಟುತ್ತದೆ. ನೀವು ಅವಳಿಗೆ ಹೇಳಬೇಕಾದದ್ದು ಇಷ್ಟೇ: "ಒಬ್ಬರು ಮೇಡಂ, ಅಥವಾ ಸರ್, ನಿನ್ನ ಜೊತೆ ಮಾತಾಡುತ್ತಾರೆ. ಏನು ಅನ್ನಿಸುತ್ತೋ ಹೇಳು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನು. ನೀನು ಏನು ಹೇಳಿದರೂ ನಾನು ಬೈಯಲ್ಲ, ಅಪ್ಪನೂ ಬೈಯಲ್ಲ." ಯಾರ ಜೊತೆ ಇರುತ್ತೀಯ ಅನ್ನುವ ಪ್ರಶ್ನೆಯನ್ನು ಮನೆಯಲ್ಲಿ ಯಾರೂ ಕೇಳದ ಹಾಗೆ ನೋಡಿಕೊಳ್ಳಿ. ನೆಂಟರು ಬಂದಾಗ ತಮಾಷೆಗೆ ಕೇಳುತ್ತಾರೆ, ಅಲ್ಲೇ ತಡೆಯಿರಿ.

ಮಗು ನಿದ್ದೆಯಲ್ಲಿ ಬೆಚ್ಚುತ್ತಿದ್ದರೆ, ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಿದ್ದರೆ ಡಾಕ್ಟರಿಗೆ ತೋರಿಸಿ. ನಿಮ್ಮೂರಿನ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗ ಇದೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಪ್ರತ್ಯೇಕ ವಿಭಾಗ ಇದೆ. ಆದರೆ ಚಿಕಿತ್ಸೆಗೆ ಅಂತ ಹೋಗಿ. "ತಂದೆಯಿಂದ ಹೀಗಾಗಿದೆ ಅಂತ ಬರೆದುಕೊಡಿ" ಅಂತ ಕೇಳಿಕೊಂಡು ಹೋದರೆ ಒಳ್ಳೆಯ ಡಾಕ್ಟರ್ ಬರೆಯುವುದಿಲ್ಲ. ತಂದೆಯನ್ನು ನೋಡದೆಯೇ ಹಾಗೆ ಬರೆದುಕೊಟ್ಟ ಚೀಟಿಗೆ ಕೋರ್ಟಿನಲ್ಲಿ ತೂಕವೂ ಇರುವುದಿಲ್ಲ.

ಎಡಿಸನ್_ಕನ್ನಡಿಗ
ನಾನು ನ್ಯೂಜೆರ್ಸಿಯಲ್ಲಿದ್ದೇನೆ. ಅಮೆರಿಕದಿಂದ ಮಗುವನ್ನು ಊರಿಗೆ ಕರೆತಂದು ಅಲ್ಲೇ ಉಳಿದರೆ ಕೂಡ ಇದೇ ಥರ ನಡೆಯುತ್ತದಾ? ನನ್ನ ತಂಗಿಯ ವಿಷಯ.

ಹುಬ್ಬಳ್ಳಿ_ವಕೀಲ
ಅದು ಬೇರೆಯೇ ಕಥೆ. ಮಕ್ಕಳನ್ನು ದೇಶ ದಾಟಿಸುವ ಬಗ್ಗೆ ಇರುವ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ. ಇಲ್ಲಿ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ (ಮಗುವನ್ನು ಕೋರ್ಟಿನ ಮುಂದೆ ಹಾಜರುಪಡಿಸಿ ಅಂತ ಕೇಳುವ ಅರ್ಜಿ) ಹಾಕುತ್ತಾರೆ, ಅಲ್ಲೂ ಮಗುವಿನ ಹಿತವನ್ನೇ ನೋಡುತ್ತಾರೆ, ವಿದೇಶಿ ಕೋರ್ಟಿನ ಆದೇಶ ಅದರಲ್ಲಿ ಒಂದು ಅಂಶ. ಅಲ್ಲಿನ ವಕೀಲರನ್ನು ಕೇಳದೆ ಟಿಕೆಟ್ ಮಾಡಿಸಬೇಡಿ. ಬೇರೆ ಪೋಸ್ಟ್ ಹಾಕಿ, ಅಲ್ಲಿ ಮಾತಾಡೋಣ.

ತುಂಗಾತೀರ
ಎಲ್ಲರ ಮಾತು ಓದಿ ಕೂತು ಬರೆದೆ. ನಾನು ಕೇಳಬೇಕೆಂದಿರುವುದು: ತಿಂಗಳಿಗೆ ಎರಡು ಭಾನುವಾರ ಬೆಳಿಗ್ಗೆ ಹತ್ತರಿಂದ ಸಂಜೆ ಐದು, ಶಿವಮೊಗ್ಗದಲ್ಲೇ, ಅವರ ಅಕ್ಕ ಜೊತೆಗಿರಬೇಕು (ಅವರು ಭದ್ರಾವತಿಯಲ್ಲಿದ್ದಾರೆ, ಒಳ್ಳೆಯವರು, ಮಗಳಿಗೂ ಇಷ್ಟ). ಅವರು ಕಾರು ಓಡಿಸಬಾರದು. ಭೇಟಿಯ ದಿನ ಮತ್ತು ಹಿಂದಿನ ರಾತ್ರಿ ಕುಡಿಯಬಾರದು. ದಿನಾ ಸಂಜೆ ಏಳಕ್ಕೆ ವಿಡಿಯೋ ಕಾಲ್. ಆರು ತಿಂಗಳು ಹೀಗೆ ಸರಿಹೋದರೆ ರಾತ್ರಿ ವಾಸದ ಬಗ್ಗೆ ಮತ್ತೆ ನೋಡಬಹುದು. ನೈಟ್ ಶಿಫ್ಟ್ ಬಗ್ಗೆ ಕೇಳಿದರೆ ಏನು ಹೇಳಲಿ? ಈಗ ಹಗಲು ಕೆಲಸ, ಅಮ್ಮ ಮನೆಯಲ್ಲಿರುತ್ತಾರೆ.

ಹುಬ್ಬಳ್ಳಿ_ವಕೀಲ
ನಿಜವನ್ನೇ ಹೇಳಿ. ಆಗ ನೈಟ್ ಶಿಫ್ಟ್ ಇತ್ತು, ಮಗು ಅಪ್ಪನ ಹತ್ತಿರ ಇತ್ತು, ಈಗ ಹಗಲು ಕೆಲಸ ಅಂತ. ಈಗಿನ ಕೆಲಸದ ಸಮಯ ಬರೆದ ಒಂದು ಪತ್ರ ಆಫೀಸಿನಿಂದ ತನ್ನಿ. ಶಾಲೆಯ ಹಾಜರಿ, ತಾಯಿ ಕಾರ್ಡ್, ಲಸಿಕೆ, ಡಾಕ್ಟರ್ ಚೀಟಿಗಳು, ಪೋಷಕರ ಸಭೆಯ ಸಹಿ, ಇವೆಲ್ಲ ಮಗುವನ್ನು ಯಾರು ನೋಡಿಕೊಳ್ಳುತ್ತಿದ್ದಾರೆ ಅಂತ ಹೇಳುವ ಕಾಗದಗಳು.

ಷರತ್ತುಗಳು ಚೆನ್ನಾಗಿವೆ. ಎರಡು ಸೇರಿಸಿ. ಅವರು ಕುಡಿದು ಬಂದರೆ ಏನು ಅನ್ನುವುದನ್ನು ಬರೆಯಿರಿ: ಆ ದಿನದ ಭೇಟಿ ರದ್ದು ಅಂತ ಹೇಳುವವರು ಅವರ ಅಕ್ಕ ಆಗಿರಲಿ, ನೀವಲ್ಲ. ಅವರನ್ನು ಮೊದಲೇ ಕೇಳಿ ಒಪ್ಪಿಸಿ. ಮಗು ಹುಷಾರಿಲ್ಲದೆ ಭೇಟಿ ತಪ್ಪಿದರೆ ಬದಲಿ ಭಾನುವಾರ ಯಾವುದು ಅಂತಲೂ ಇರಲಿ. ಮುಚ್ಚಿದ ಕೋಣೆಯಲ್ಲಿ ವಿಚಾರಣೆ ಬೇಕಿದ್ದರೆ ಕೇಳಿ, ಫ್ಯಾಮಿಲಿ ಕೋರ್ಟ್ಸ್ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಒಬ್ಬರು ಕೇಳಿದರೂ ಕೊಡಬೇಕು. ಕೋರ್ಟ್ ಹೇಳದ ಹೊರತು ಆ ದಿನ ಮಗಳನ್ನು ಕರೆತರಬೇಡಿ. ಆದೇಶ ಬಂದ ಮೇಲೆ ಇಷ್ಟವಿಲ್ಲದಿದ್ದರೂ ಪಾಲಿಸಿ, ಹೊಸ ಅಪಾಯ ಕಂಡರೆ ಬದಲಾವಣೆ ಕೇಳಿ ಅರ್ಜಿ ಹಾಕಿ. ಸುಪರ್ದಿಯ ಆದೇಶ ಯಾವತ್ತೂ ಕಲ್ಲಿನಲ್ಲಿ ಕೆತ್ತಿದ್ದಲ್ಲ, ಪರಿಸ್ಥಿತಿ ಬದಲಾದರೆ ಅದೂ ಬದಲಾಗುತ್ತದೆ.

ನಿಮ್ಮ ವಕೀಲರಿಗೆ ನಿಜಕ್ಕೂ ಸಮಯವಿಲ್ಲದಿದ್ದರೆ ಕೋರ್ಟ್ ಆವರಣದಲ್ಲೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ. 15100ಕ್ಕೂ ಫೋನ್ ಮಾಡಬಹುದು.

ತುಂಗಾತೀರ
ತುಂಬಾ ಉಪಕಾರ ಸರ್. ಪಕ್ಕದ ಮನೆಯ ಆಂಟಿ ಅಫಿಡವಿಟ್ಟಿಗೆ ಒಪ್ಪಿದ್ದಾರೆ. ಅವರಿಗೆ ಮಂಡಿನೋವು, ಶಿವಮೊಗ್ಗಕ್ಕೆ ಬರುವುದು ಕಷ್ಟ. ಬೆಂಗಳೂರಿನಲ್ಲೇ ಸಹಿ ಮಾಡಿಸಿದರೆ ನಡೆಯುತ್ತದಾ?

ಹುಬ್ಬಳ್ಳಿ_ವಕೀಲ
ಈಗ ನಡೆಯುತ್ತದೆ. ಅವರು ತಾವು ಕೇಳಿದ್ದು, ಕಂಡದ್ದು ಮಾತ್ರ ಹೇಳಲಿ, ನಿಮ್ಮ ವಕೀಲರು ಅದನ್ನು ಟೈಪ್ ಮಾಡಿಸಿ ಕಳಿಸಲಿ. ಅವರ ಮನೆ ಹತ್ತಿರದ ನೋಟರಿ ಮುಂದೆ ಸಹಿ ಹಾಕಿಸಿ ಮೂಲ ಪ್ರತಿಯನ್ನು ಕೊರಿಯರ್‌ನಲ್ಲಿ ತರಿಸಿಕೊಳ್ಳಿ, ಗುರುತಿನ ಚೀಟಿಯ ನಕಲೂ ಜೊತೆಗಿರಲಿ. ಮುಂದೆ ಮುಖ್ಯ ಅರ್ಜಿಯಲ್ಲಿ ಪಾಟೀಸವಾಲಿಗೆ ಕರೆದರೆ ಅವರು ಬರಬೇಕಾಗಬಹುದು, ಅದನ್ನು ಅವರಿಗೆ ಈಗಲೇ ಹೇಳಿಬಿಡಿ.